ಪಿಕೆಟ್ ಸೋದರರ ಒಪ್ಪಂದ

ಥರ್ಮನ್ ಪಿಕೆಟ್‌ನ ಪಾದಗಳು ನನಗೆ ನನ್ನ ಅಂಗೈಯಷ್ಟೇ ಪರಿಚಿತ. ಏಳು ವರ್ಷ, ಪ್ರತಿ ಆಟಕ್ಕೂ ಪ್ರತಿ ಅಭ್ಯಾಸಕ್ಕೂ ಮುಂಚೆ, ಅವನು ಎತ್ತರದ ಮೇಜಿನ ಮೇಲೆ ಕಾಲು ಚಾಚಿ ಕೂರುತ್ತಿದ್ದ. ಉಳುಕದಿರಲೆಂದು ನಾನು ಪಾದದ ಕೀಲಿಗೆ ಬಿಳಿ ಟೇಪು ಸುತ್ತುತ್ತಿದ್ದೆ. ಅದಕ್ಕೂ ಹಿಂದೆ ನಮ್ಮೂರು ಗ್ಯಾರಿಯ ಹೈಸ್ಕೂಲಿನಲ್ಲಿ ಅವನಿಗೂ ಅವನ ಅಣ್ಣನಿಗೂ ಇದೇ ಕೆಲಸ ಮಾಡಿದ್ದೆ. ಪಶ್ಚಿಮದ ಒಂದು ದೊಡ್ಡ ಬ್ಯಾಸ್ಕೆಟ್‌ಬಾಲ್ ತಂಡ ಅವನನ್ನು ಕರೆದಾಗ, "ಅಂಕಲ್ ಕ್ಲಿಯೋ ಬರದಿದ್ರೆ ನಾನೂ ಬರಲ್ಲ" ಎಂದು ಹಟ ಹಿಡಿದು ನನ್ನನ್ನೂ ಎಳೆದುಕೊಂಡು ಹೋದ. ಹಾಗಾಗಿ, ಆ ಜನವರಿಯ ಬೆಳಿಗ್ಗೆ ಅವನ ಎಡಗಾಲಿನ ಹೊರಬದಿಯಲ್ಲಿ ಗೋಲಿಯಷ್ಟು ದಪ್ಪದ ಎಲುಬಿನ ಗಂಟೊಂದು ನನ್ನ ಬೆರಳಿಗೆ ತಾಗಿದಾಗ ಕೈ ನಿಂತುಹೋಯಿತು.

ಹಿಂದಿನ ದಿನ ಅದು ಅಲ್ಲಿರಲಿಲ್ಲ.

"ಇಲ್ಲಿ ಏಟು ಬಿತ್ತೇನೋ?"

"ಇಲ್ವಲ್ಲ. ಯಾಕೆ?"

"ಒತ್ತಿದ್ರೆ ನೋವಾಗುತ್ತಾ?"

"ಏನೂ ಇಲ್ಲ ಅಂಕಲ್. ಬೇಗ ಸುತ್ತಿ, ಕೋಚ್ ಕೂಗಾಡ್ತಾನೆ."

ಸುತ್ತಿದೆ. ಆದರೆ ನನ್ನ ಬೆರಳುಗಳು ತಾವಾಗಿಯೇ ಬೇರೆ ಥರ ಸುತ್ತಿದವು, ಗಂಟಿನ ಮೇಲೆ ಒತ್ತಡ ಬೀಳದಂತೆ ಅದರ ಬದಿಯಲ್ಲಿ ಬಳಸಿಕೊಂಡು. ಆ ಸುತ್ತನ್ನು ನಾನು ಕಲಿತದ್ದು ಒಬ್ಬನೇ ಒಬ್ಬ ಆಟಗಾರನಿಗಾಗಿ. ಅವನು ಸತ್ತು ಹದಿಮೂರು ವರ್ಷವಾಗಿತ್ತು.

ಡೆಲ್ರಾಯ್ ಪಿಕೆಟ್ ಥರ್ಮನ್‌ಗಿಂತ ಮೂರು ವರ್ಷ ದೊಡ್ಡವನು. ಎಡಗೈಯವನು. ಗ್ಯಾರಿಯಲ್ಲಿ ಅವನ ಆಟ ನೋಡಿದವರು ಈಗಲೂ ಆ ಮಾತು ಬಂದರೆ ದನಿ ತಗ್ಗಿಸುತ್ತಾರೆ. ಹದಿನಾರನೇ ವಯಸ್ಸಿನಲ್ಲಿ ಮನೆಯ ಮಾಡಿನಿಂದ ಜಿಗಿದು ಕಾಲು ಮುರಿದುಕೊಂಡ. ಆಸ್ಪತ್ರೆಗೆ ಹೋಗುವಷ್ಟು ಅನುಕೂಲವಿರಲಿಲ್ಲ; ಅವನಮ್ಮ, ಊರವರೆಲ್ಲ ಗೌರವದಿಂದ ಮಿಸ್ ಒಡೆಸ್ಸಾ ಎನ್ನುವವಳು, ಎರಡು ಮರದ ಪಟ್ಟಿ ಕಟ್ಟಿ ಕೂರಿಸಿದಳು. ಎಲುಬು ಸೊಟ್ಟಗೆ ಕೂಡಿ ಗಂಟಾಯಿತು. ಆ ಕಾಲಿನಲ್ಲೇ ಅವನು ಕಾಲೇಜು ತಂಡಕ್ಕೆ ಹೋದ, ಒಂದು ವರ್ಷ ಆಡಿದ, ಬೇಸಿಗೆಯ ರಜೆಗೆ ಬಂದವನು ಮಿಷಿಗನ್ ಸರೋವರದಲ್ಲಿ ಈಜಲು ಇಳಿದು ಮೇಲೆ ಬರಲಿಲ್ಲ. ಹತ್ತೊಂಬತ್ತು ವರ್ಷ.

ಥರ್ಮನ್ ಬೇರೆ ಜಾತಿಯ ಆಟಗಾರ. ಬಲಗೈಯವನು, ಮೈಮುರಿದು ದುಡಿಯುವವನು. ಎದುರಾಳಿಯ ದೊಡ್ಡ ಆಟಗಾರನಿಗೆ ಅಂಟಿಕೊಂಡು ಅವನ ಬೆವರಿಳಿಸುವುದು ಅವನ ಕೆಲಸ. ಅಂಥವರು ತಂಡಕ್ಕೆ ಬೇಕು, ಆದರೆ ಅಂಥವರ ಹೆಸರನ್ನು ಅಂಗಿಯ ಮೇಲೆ ಹಾಕಿಕೊಂಡು ಯಾರೂ ತಿರುಗುವುದಿಲ್ಲ.

ಗಂಟು ಕಾಣಿಸಿಕೊಂಡ ದಿನದ ಅಭ್ಯಾಸದಲ್ಲಿ ಅವನು ಎಡಗೈಯಿಂದ ಚೆಂಡು ಹಾಕಿದ. ಒಮ್ಮೆಯಲ್ಲ, ಸಾಲಾಗಿ ಹನ್ನೊಂದು ಸಲ. ಉಳಿದವರು ನಕ್ಕು ಚಪ್ಪಾಳೆ ತಟ್ಟಿದರು. ಎಸೆಯುವ ಮುನ್ನ ಎಡ ಭುಜವನ್ನು ತುಸು ಕುಗ್ಗಿಸುವ ಆ ರೀತಿಯನ್ನು ಅಲ್ಲಿ ಗುರುತು ಹಿಡಿದವನು ನಾನೊಬ್ಬನೇ.

ಆ ವರ್ಷ ಅವನ ಒಪ್ಪಂದದ ಕೊನೆಯ ವರ್ಷ. ಏಪ್ರಿಲ್ ಹೊತ್ತಿಗೆ ಇಡೀ ದೇಶ ಅವನ ಆಟ ನೋಡುತ್ತಿತ್ತು. ಜೂನ್ ಮುಗಿದರೆ ಅವನು ಫ್ರೀ ಏಜೆಂಟ್, ಅಂದರೆ ಯಾವ ತಂಡದ ಹಂಗೂ ಇಲ್ಲದೆ ಹೆಚ್ಚು ಕೊಟ್ಟವರ ಜೊತೆ ಸಹಿ ಹಾಕಬಹುದು. ಸೇಂಟ್ ಲೂಯಿಸ್‌ನ ತಂಡ ನಾಲ್ಕು ವರ್ಷಕ್ಕೆ ಹನ್ನೊಂದು ಕೋಟಿ ಡಾಲರ್ ಕೊಡುತ್ತದಂತೆ ಎಂಬ ಸುದ್ದಿ ಬಂದ ದಿನ ನಾನು ಗ್ಯಾರಿಯಲ್ಲಿ ಬರ್ನೆಲ್‌ನ ಕ್ಷೌರದಂಗಡಿಯಲ್ಲಿದ್ದೆ.

"ಚೆಂಡನ್ನ ಬಳೆಯೊಳಗೆ ಹಾಕೋಕೆ ಹನ್ನೊಂದು ಕೋಟಿ," ಎಂದ ಬರ್ನೆಲ್. "ನಾನು ಮೂವತ್ತು ವರ್ಷದಿಂದ ನಿಮ್ಮ ತಲೆ ಬೋಳಿಸ್ತಿದೀನಿ. ನಂಗ್ಯಾವನೂ ಕೊಡ್ಲಿಲ್ಲ."

"ನೀನು ಬೋಳಿಸೋದನ್ನ ನೋಡೋಕೆ ಇಪ್ಪತ್ತು ಸಾವಿರ ಜನ ಟಿಕೆಟ್ ತಗೊಂಡು ಬರ್ಲಿ, ನಿಂಗೂ ಕೊಡ್ತಾರೆ," ಎಂದ ಕುರ್ಚಿಯಲ್ಲಿ ಕೂತಿದ್ದವನು.

"ಅಲ್ಲಯ್ಯ, ನಮ್ಮ ಸ್ಕೂಲಿನ ಮೇಡಂಗಳು ವರ್ಷಪೂರ್ತಿ ಗಂಟಲು ಹರ್ಕೊಂಡ್ರೂ ಬಾಡಿಗೆಗೆ ಸಾಲಲ್ಲ. ನ್ಯಾಯನಾ ಅದು?"

"ಆ ದುಡ್ಡು ಥರ್ಮನ್ ಬೇಡ ಅಂದ್ರೆ ಮೇಡಂಗಳಿಗೆ ಹೋಗುತ್ತಾ? ತಂಡದ ಮಾಲೀಕನ ಜೇಬಿಗೆ ಹೋಗುತ್ತೆ. ಅವನು ಯಾವತ್ತಾದ್ರೂ ಓಡಿದ್ದು ನೋಡಿದೀಯಾ?"

ಅಂಗಡಿಯವರೆಲ್ಲ ನಕ್ಕರು. ಬರ್ನೆಲ್ ಕನ್ನಡಿಯೊಳಗೇ ನನ್ನನ್ನು ನೋಡಿ, "ಕ್ಲಿಯೋ, ಆ ಹುಡುಗ ಇದ್ದಕ್ಕಿದ್ದಂಗೆ ಡೆಲ್ರಾಯ್ ಥರ ಆಡ್ತಾನಲ್ಲ, ನೀನೇನಾದ್ರೂ ಕಲಿಸಿದ್ಯಾ?" ಎಂದ.

ಆ ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿದ ಮೇಲೆ ಮಿಸ್ ಒಡೆಸ್ಸಾಳ ಮನೆಯಲ್ಲಿ ಊಟ. ಥರ್ಮನ್, ಅವನ ಹೆಂಡತಿ ರೆನೀಟಾ, ನಾನು. ಮೇಜಿನ ಮೇಲೆ ಕರಿದ ಕೋಳಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್. ಕಿಟಕಿಯಿಂದ ಬಿಸಿಲು ಸುರಿಯುತ್ತಿತ್ತು. ಥರ್ಮನ್ ಎಡಗೈಯಲ್ಲಿ ಫೋರ್ಕ್ ಹಿಡಿದು ತಿನ್ನುತ್ತಿದ್ದ. ಮಿಸ್ ಒಡೆಸ್ಸಾ ತುಂಬ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ದಿನವೂ ಹೇಳುವ ಮಾತಿನ ಹಾಗೆ,

"ಡೆಲ್ರಾಯ್, ಸೊಪ್ಪಿನ ಬಟ್ಟಲು ಇತ್ಲಾಗೆ ಕೊಡಪ್ಪ," ಎಂದಳು.

ಥರ್ಮನ್ ತಲೆ ಎತ್ತದೆ ಬಟ್ಟಲು ದಾಟಿಸಿದ. "ತಗೊಳಮ್ಮ."

ರೆನೀಟಾ ಪಿಕೆಟ್ ಮನೆಗೆ ಬಂದದ್ದು ಡೆಲ್ರಾಯ್ ಸತ್ತು ಎಷ್ಟೋ ವರ್ಷದ ಮೇಲೆ. ಅತ್ತೆಗೆ ವಯಸ್ಸಾಯಿತು, ಹೆಸರು ತಪ್ಪಿತು ಎಂದುಕೊಂಡು ಮುಗುಳ್ನಕ್ಕಳು. ಮಿಸ್ ಒಡೆಸ್ಸಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದಳು. ಬಡಿಸಿಕೊಳ್ಳಲಿಲ್ಲ.

ಜುಲೈಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ಒಪ್ಪಂದಕ್ಕೆ ಮುಂಚಿನ ವೈದ್ಯಕೀಯ ತಪಾಸಣೆ ನಡೆಯಿತು. ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹುಬ್ಬು ಗಂಟಿಕ್ಕಿದರು.

"ಇಲ್ಲಿ ಹಳೇ ಮುರಿತ ಇದೆ. ಹತ್ತು ಹದಿನೈದು ವರ್ಷ ಹಳೇದು. ನಿಮ್ಮ ದಾಖಲೆಯಲ್ಲಿ ಎಲ್ಲೂ ಬರೆದಿಲ್ವಲ್ಲ?"

ಥರ್ಮನ್ ನನ್ನತ್ತ ನೋಡಿದ. ಅವನ ಮುಖದಲ್ಲಿ ದಿಗಿಲಿತ್ತು. ಅವನ ಕಾಲು ಯಾವತ್ತೂ ಮುರಿದಿರಲಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತು. ಗೊತ್ತಿಲ್ಲ ಎಂದರೆ ಇನ್ನಷ್ಟು ತಪಾಸಣೆ, ಅನುಮಾನ, ಬಹುಶಃ ಒಪ್ಪಂದವೇ ಇಲ್ಲ. ಆ ಒಪ್ಪಂದದಲ್ಲಿ ನನ್ನ ನಾಲ್ಕು ವರ್ಷದ ಸಂಬಳವೂ ಸೇರಿತ್ತು.

"ಹದಿನಾರನೇ ವಯಸ್ಸಲ್ಲಿ ಮಾಡಿನಿಂದ ಬಿದ್ದಿದ್ದ ಸಾರ್," ಎಂದೆ ನಾನು. "ಮನೇಲೇ ಪಟ್ಟಿ ಕಟ್ಟಿದ್ರು. ಅದಕ್ಕೇ ದಾಖಲೆ ಇಲ್ಲ. ನಾನೇ ಕಣ್ಣಾರೆ ಕಂಡಿದೀನಿ."

ಡಾಕ್ಟರ್ ಥರ್ಮನ್ ಪಿಕೆಟ್‌ನ ಹೆಸರಿನ ಕೆಳಗೆ ಅದನ್ನು ಬರೆದುಕೊಂಡರು. ಹೊರಗೆ ಕಾರಿನಲ್ಲಿ ಕೂತ ಮೇಲೆ ಥರ್ಮನ್ ನನ್ನ ಕಡೆ ತಿರುಗಿದ.

"ಅಂಕಲ್, ಒಂದೊಂದ್ಸಲ ಆಟ ಮುಗಿದ್ಮೇಲೆ ನಂಗೇನೂ ನೆನಪಿರಲ್ಲ. ಬಾಯಲ್ಲಿ ಸರೋವರದ ನೀರಿನ ರುಚಿ ಇರುತ್ತೆ, ಅಷ್ಟೇ. ಈ ದುಡ್ಡು ನಂಗೆ ಸಲ್ಲುತ್ತಾ?"

"ಕಾಲು ನಿಂದು, ಬೆವರು ನಿಂದು. ಸಹಿ ಹಾಕು," ಎಂದೆ.

ಮರುದಿನ ಅವನು ಪತ್ರಕರ್ತರ ಮುಂದೆ ಸಹಿ ಹಾಕಿದ. ಎಡಗೈಯಿಂದ. ಅದಾದ ಮೇಲೆ ಅವನು ನನ್ನನ್ನು ಅಂಕಲ್ ಎನ್ನುವುದನ್ನು ಬಿಟ್ಟು, ಡೆಲ್ರಾಯ್ ಕರೆಯುತ್ತಿದ್ದ ಹಾಗೆ "ಮಿಸ್ಟರ್ ಹಾರ್‌ಗ್ರೋವ್" ಎನ್ನತೊಡಗಿದ.

ಅಕ್ಟೋಬರ್‌ನಲ್ಲಿ ಆಟಗಳು ಶುರುವಾದವು. ನೋಡಿದವರ ಎದೆ ಝಲ್ಲೆನ್ನುವ ಆಟ. ಹನ್ನೊಂದು ಕೋಟಿಯೂ ಕಡಿಮೆಯಾಯಿತು ಎಂದು ರೇಡಿಯೋದವರು ಬಾಯಿ ಚಪ್ಪರಿಸಿದರು. ಡಿಸೆಂಬರ್‌ನ ಒಂದು ಮಧ್ಯಾಹ್ನ ರೆನೀಟಾ ನನ್ನ ಬಾಗಿಲು ತಟ್ಟಿದಳು. ಚಳಿಯಲ್ಲಿ ಕೋಟು ಹಾಕದೆ ಬಂದಿದ್ದಳು.

"ಅವರು ನನ್ನ 'ಮೇಡಂ' ಅಂತಾರೆ," ಎಂದಳು.

"ಯಾರು?"

"ನನ್ನ ಗಂಡ. 'ಮೇಡಂ, ಟವೆಲ್ ಎಲ್ಲಿದೆ?' ಅಂತಾರೆ. ನಾನು ಕೋಣೆಗೆ ಹೋದ್ರೆ ಎದ್ದು ನಿಲ್ತಾರೆ. ಮಲಗೋಕೆ ಸೋಫಾಗೆ ಹೋಗ್ತಾರೆ, ನಾಚಿಕೊಳ್ತಾರೆ. ಜಗಳ ಇಲ್ಲ, ಕೋಪ ಇಲ್ಲ. ದೊಡ್ಡವರ ಮನೆಗೆ ಬಂದ ಹುಡುಗನ ಥರ, ಬಹಳ ಮರ್ಯಾದೆ." ಅವಳು ಅಳಲಿಲ್ಲ. "ಕ್ಲಿಯೋ, ನಮ್ಮ ಮನೇಲಿ ಇರೋದ್ಯಾರು?"

ಮರುದಿನ ಬೆಳಿಗ್ಗೆಯೇ ನಾನು ಗ್ಯಾರಿಗೆ ಕಾರು ಓಡಿಸಿದೆ. ಮಿಸ್ ಒಡೆಸ್ಸಾ ಎಲ್ಲವನ್ನೂ ಕೇಳಿದಳು. ಕೊನೆಗೆ, "ಅವತ್ತು ಊಟದ ದಿನವೇ ಹೇಳ್ಬೇಕಿತ್ತು ನಾನು. ಹೇಳಕ್ಕಾಗ್ಲಿಲ್ಲ. ಹದಿಮೂರು ವರ್ಷ ಆದ್ಮೇಲೆ ಮಗ ಅಮ್ಮ ಅಂದಿದ್ದ," ಎಂದು ಇಗರ್ಜಿಗೆ ಹಾಕುವ ಟೋಪಿ ಹಾಕಿಕೊಂಡು ಕಾರು ಹತ್ತಿದಳು.

ಅದರ ಮರುದಿನ ಹನ್ನೊಂದು ಗಂಟೆಗೆ ಅವಳನ್ನು ಕ್ರೀಡಾಂಗಣದೊಳಗೆ ಕರೆದುಕೊಂಡು ಹೋದೆ. ತಂಡದ ಅಭ್ಯಾಸ ಮುಗಿದು ಎಲ್ಲರೂ ಹೋಗಿದ್ದರು. ಅವನೊಬ್ಬನೇ ಚೆಂಡು ಹಾಕುತ್ತಿದ್ದ. ಸುತ್ತ ಇಪ್ಪತ್ತು ಸಾವಿರ ಖಾಲಿ ಕುರ್ಚಿಗಳು. ಮಿಸ್ ಒಡೆಸ್ಸಾ ಆಟಗಾರರ ಬೆಂಚಿನ ಮೇಲೆ ಕೂತು ಕರೆದಳು.

"ಡೆಲ್ರಾಯ್. ಬಾ ಇಲ್ಲಿ."

ಅವನು ಬಂದು ಪಕ್ಕದಲ್ಲಿ ಕೂತ. ಮೂವತ್ತು ತುಂಬಿದ, ಆರೂವರೆ ಅಡಿಯ ಗಂಡಸು. ತಲೆ ತಗ್ಗಿಸಿದ ರೀತಿಯಲ್ಲಿ ಹತ್ತೊಂಬತ್ತು ದಾಟದ ಹುಡುಗ.

"ಸಾಕು ಕಂದ," ಎಂದಳು. "ನಿನ್ನ ತಮ್ಮಂಗೆ ಹೆಂಡತಿ ಇದಾಳೆ. ಅವಳು ಹೆದರಿದಾಳೆ."

"ಗೊತ್ತಮ್ಮ. ನಂಗೆ ಒಂದೇ ವರ್ಷ ಸಿಕ್ಕಿತ್ತು ಆಡೋಕೆ."

"ಗೊತ್ತು."

"ಅವ್ರು ಇಷ್ಟೊಂದು ದುಡ್ಡು ಕೊಟ್ಟಿದ್ದು ನನ್ನ ಆಟಕ್ಕೇ ಅಲ್ವಾ ಅಮ್ಮ? ತಮ್ಮಂಗಲ್ಲ, ನಂಗೆ ಅಲ್ವಾ?"

"ನಿನ್ನ ಆಟಕ್ಕೇ. ನೀನು ಅಷ್ಟಕ್ಕೂ ತಕ್ಕವನು. ಅದಕ್ಕಿಂತ ಹೆಚ್ಚಿಗೂ ತಕ್ಕವನು."

ಅವನು ಅವಳ ಭುಜದ ಮೇಲೆ ತಲೆಯಿಟ್ಟ. ಆಮೇಲೆ, ಊಟಕ್ಕೆ ಕರೆದಾಗ ಬೀದಿಯ ಮಕ್ಕಳು ಕೇಳುವ ಹಾಗೆ, "ಇನ್ನೊಂದೇ ಒಂದು?" ಎಂದ.

"ಒಂದೇ."

ಅವನು ಅಂಗಣದ ನಡುವೆ ನಿಂತು ಎಡ ಭುಜ ಕುಗ್ಗಿಸಿ ಎಸೆದ. ಚೆಂಡು ಬಳೆಯನ್ನು ಮುಟ್ಟದೆ ಬಲೆಯೊಳಗೆ ಇಳಿಯಿತು. ನೆಲಕ್ಕೆ ಬಿದ್ದು ಪುಟಿಯಿತು. ಪುಟಿದ ಚೆಂಡು ಒಂದೊಂದು ಸಲಕ್ಕೂ ತಗ್ಗುತ್ತಾ ಬಂದು ಉರುಳಬೇಕು. ಇದು ತಗ್ಗಲಿಲ್ಲ. ಯಾರೋ ಅಂಗೈಯಿಂದ ತಟ್ಟುತ್ತಾ ನಡೆದ ಹಾಗೆ, ಸೊಂಟದೆತ್ತರಕ್ಕೆ, ಒಂದೇ ಸಮನೆ ಪುಟಿಯುತ್ತಾ ಆಟಗಾರರು ಹೊರಹೋಗುವ ಓಣಿಯತ್ತ ಸಾಗಿತು. ಓಣಿಯ ಕತ್ತಲಲ್ಲಿ ಕಾಣದಾದ ಮೇಲೂ ಸದ್ದು ಕೇಳುತ್ತಿತ್ತು. ಆಮೇಲೆ ಅದು ಒಮ್ಮೆಗೇ ನಿಂತಿತು.

ಅಂಗಣದ ನಡುವೆ ನಿಂತಿದ್ದವನು ಸುತ್ತ ನೋಡಿದ.

"ಅಮ್ಮ? ನೀನ್ಯಾವಾಗ ಬಂದೆ? ಅಂಕಲ್, ಇದ್ಯಾವ ಊರು?"

ಥರ್ಮನ್‌ಗೆ ನೆನಪಿದ್ದದ್ದು ಡಾಕ್ಟರ ಕೋಣೆಯಿಂದ ಹೊರಬಂದು ಕಾರಿನಲ್ಲಿ ಕೂತದ್ದು, ಅಷ್ಟೇ. ನಾನು ಮಂಡಿಯೂರಿ ಅವನ ಎಡ ಶೂ ಬಿಚ್ಚಿ, ಟೇಪು ಕತ್ತರಿಸಿ ಬೆರಳಾಡಿಸಿದೆ. ಎಲುಬು ನುಣ್ಣಗಿತ್ತು. ಮಿಸ್ ಒಡೆಸ್ಸಾ ಓಣಿಯ ಬಾಯಲ್ಲಿ ಹೋಗಿ ನಿಂತಿದ್ದಳು. ಆ ಚೆಂಡು ಎಷ್ಟು ಹುಡುಕಿದರೂ ಸಿಗಲಿಲ್ಲ.

ನಡೆದದ್ದನ್ನೆಲ್ಲ ನಮ್ಮಿಂದ ಕೇಳಿ, ಥರ್ಮನ್ ಆ ವಾರವೇ ತನ್ನ ಒಪ್ಪಂದ ಕುದುರಿಸಿದ್ದ ಏಜೆಂಟನಿಗೆ ಫೋನು ಮಾಡಿ, ದುಡ್ಡು ವಾಪಸ್ ಕೊಡುತ್ತೇನೆ, ಒಪ್ಪಂದ ಮುರಿಯಲಿ ಎಂದ. ಏಜೆಂಟ್ ನಕ್ಕ. "ಯಾರಿಗಪ್ಪ ವಾಪಸ್ ಕೊಡ್ತೀಯಾ? ಮಾಲೀಕನಿಗಾ? ಅವನಿಗೇನು ಗತಿ ಇಲ್ವಾ? ಮೈ ಸರಿ ಇಲ್ದಿದ್ರೆ ಒಂದು ವಾರ ಮಲ್ಕೋ."

ಅವನು ಮಲಗಲಿಲ್ಲ. ಮುಂದಿನ ಆಟಕ್ಕೆ ಇಳಿದ, ಬಲಗೈಯಲ್ಲಿ ಎಸೆದ, ತಪ್ಪಿದ. ಮತ್ತೆ ಎಸೆದ, ಮತ್ತೆ ತಪ್ಪಿದ. ಒಂದು ತಿಂಗಳಲ್ಲಿ ಜನ ಕೂಗಾಡತೊಡಗಿದರು. ದುಡ್ಡು ಕೈಗೆ ಬಂದಮೇಲೆ ಕಾಲು ಚಾಚಿದ ಎಂದು ರೇಡಿಯೋದವರು ಬೈದರು. ಯಾರೋ ಅವನ ಕಾರಿನ ಮೇಲೆ 'ಕಳ್ಳ' ಎಂದು ಗೀಚಿದರು. ರೆನೀಟಾ ಅದನ್ನು ಒರೆಸುವಾಗ, "ಬಿಡಿ, ಬೇರೆ ಊರಿಗೆ ಹೋಗೋಣ," ಎಂದಳು.

"ಅಣ್ಣ ಎರಡು ತಿಂಗಳು ಆಡಿ ದುಡಿದ," ಎಂದ ಥರ್ಮನ್. "ಉಳಿದದ್ದನ್ನ ನಾನು ಬೈಸ್ಕೊಂಡು ದುಡೀತೀನಿ."

ಹಾಗೆಯೇ ಮಾಡಿದ. ಮೂರೂವರೆ ವರ್ಷ ಒಂದು ಅಭ್ಯಾಸವನ್ನೂ ತಪ್ಪಿಸಲಿಲ್ಲ. ಮೊದಲಿನಂತೆ ಎದುರಾಳಿಗೆ ಅಂಟಿಕೊಂಡು ಓಡಿದ, ನೆಲಕ್ಕೆ ಬಿದ್ದ ಚೆಂಡಿನ ಮೇಲೆಲ್ಲ ಬಿದ್ದ, ಎರಡು ಹಲ್ಲು ಕಳೆದುಕೊಂಡ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಪ್ಪಂದ ಮುಗಿದ ಬೇಸಿಗೆಯಲ್ಲಿ ಯಾವ ತಂಡವೂ ಅವನನ್ನು ಕರೆಯಲಿಲ್ಲ. ಅವನಿಗದು ನಿರಾಳವಾಯಿತೆಂದು ಕಾಣುತ್ತದೆ. ರೆನೀಟಾಳ ಜೊತೆ ಸೇಂಟ್ ಲೂಯಿಸ್‌ನಲ್ಲೇ ಮನೆ ಮಾಡಿಕೊಂಡಿದ್ದಾನೆ, ಒಬ್ಬ ಮಗಳಿದ್ದಾಳೆ.

ಥರ್ಮನ್‌ಗೆ ಆ ದುಡ್ಡು ಸಲ್ಲುತ್ತಿತ್ತೇ ಎಂದು ಜನ ಈಗಲೂ ನನ್ನನ್ನು ಕೇಳುತ್ತಾರೆ. ಅದೇ ಒಪ್ಪಂದದಿಂದ ನಾನು ಕೊಂಡ ಮನೆ ನನಗೆ ಸಲ್ಲುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಡಾಕ್ಟರ ಮುಂದೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ರೆನೀಟಾ ಆ ಚಳಿಯಲ್ಲಿ ನನ್ನ ಬಾಗಿಲಿಗೆ ಬರಬೇಕಾಗಿರಲಿಲ್ಲ. ಡೆಲ್ರಾಯ್‌ಗೆ ಆ ಎರಡು ತಿಂಗಳೂ ಸಿಗುತ್ತಿರಲಿಲ್ಲ. ಎರಡನ್ನೂ ತೂಗಿ ನೋಡಿದ್ದೇನೆ. ಒಂದೊಂದು ದಿನ ಒಂದೊಂದು ಕಡೆ ವಾಲುತ್ತದೆ.

ಒಪ್ಪಂದದ ಮೊದಲ ವರ್ಷದ ಕೊನೆಯಲ್ಲೇ ಥರ್ಮನ್ ಅಣ್ಣನ ಸಮಾಧಿಗೆ ಕಲ್ಲು ಹಾಕಿಸಿದ್ದ. ಅಲ್ಲಿಯವರೆಗೆ ಅಲ್ಲಿ ಇದ್ದದ್ದು ಒಂದು ತಗಡಿನ ಫಲಕ. ಹೆಸರಿನ ಕೆಳಗೆ ಏನು ಕೆತ್ತಬೇಕು ಎಂದು ಕಲ್ಲಿನವನು ಕೇಳಿದಾಗ ಥರ್ಮನ್ ಅಮ್ಮನ ಮುಖ ನೋಡಿದ.

"ಅವನ ಕೆಲಸ ಬರಿ," ಎಂದಳು ಮಿಸ್ ಒಡೆಸ್ಸಾ. "ಬ್ಯಾಸ್ಕೆಟ್‌ಬಾಲ್ ಆಟಗಾರ ಅಂತ."