ಟೈಲ್ಸಿನ ಬಿಳಿ ಸಂದುಗಳು

ಬಚ್ಚಲ ಟೈಲ್ಸಿನ ಕೊನೆಯ ಸಂದನ್ನು ಒರೆಸುತ್ತಿದ್ದಾಗ ಕರೆಗಂಟೆ ಸದ್ದಾಯಿತು. ಇನ್‌ಹ್ವಾನ್ ಮಂಡಿಯೂರಿದಲ್ಲಿಂದ ಏಳಲಿಲ್ಲ. ಬಾಗಿಲ ಬೀಗದ ನಂಬರು ಹೆಂಡತಿಗೆ ಗೊತ್ತು. ಮೂರು ತಿಂಗಳು ತನ್ನ ಅಕ್ಕನ ಮನೆಯಲ್ಲಿದ್ದ ಮಾತ್ರಕ್ಕೆ ಅವಳು ಗಂಟೆ ಒತ್ತಬೇಕೆ?

ಮತ್ತೆ ಗಂಟೆ. ಹೋಗಿ ತೆರೆದ.

ಹೇರಾನ್ ಎರಡು ಚೀಲ ಎಲೆಕೋಸು ಹಿಡಿದು ನಿಂತಿದ್ದಳು. ಪ್ರತಿ ನವೆಂಬರಿನಲ್ಲೂ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆಂದು ಅವಳು ಕೋಸನ್ನು ಉಪ್ಪುನೀರಿನಲ್ಲಿ ನೆನೆಹಾಕುತ್ತಿದ್ದುದು ಈ ಮನೆಯ ಬಚ್ಚಲಲ್ಲೇ. ಈ ಸಲವೂ ಬರುತ್ತೇನೆಂದು ತಾನಾಗಿಯೇ ಫೋನ್ ಮಾಡಿದ್ದಳು. ಕಿಮ್ಚಿ ಹಾಕಿದವಳು ತಿನ್ನುವುದಕ್ಕೂ ಉಳಿಯುತ್ತಾಳೆ ಎಂದುಕೊಂಡಿದ್ದ ಇನ್‌ಹ್ವಾನ್. ಅವನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ಆ ಆಸೆಯಿಂದಲೇ ನುರಿತವರನ್ನು ಕರೆಸಿ, ಎಂಟು ವರ್ಷ ಅವಳು ಹಳಿದಿದ್ದ ಕಪ್ಪು ಸಂದುಗಳನ್ನೆಲ್ಲ ಕೆತ್ತಿಸಿ ಹೊಸದಾಗಿ ತುಂಬಿಸಿದ್ದ.

ಅವಳು ಬಚ್ಚಲ ಹೊಸ್ತಿಲಲ್ಲೇ ನಿಂತಳು.

"ಅಯ್ಯೋ, ನಮ್ಮನೆ ಬಚ್ಚಲೇನ್ರೀ ಇದು?"

"ನಿನಗೋಸ್ಕರ ಮಾಡಿಸ್ದೆ."

ಅವಳ ಮುಖ ಸಡಿಲವಾಯಿತು. ಅಂಗಿಯ ತೋಳು ಮಡಚಿ ಚೀಲದ ಬಾಯಿ ಬಿಚ್ಚಿದಳು. "ಸರಿ, ಉಪ್ಪೆಲ್ಲಿ?"

"ಉಪ್ಪು..." ಅವನು ಗೋಡೆ ನೋಡಿದ. "ಸಂದಿಗೆ ನೀರು ಇಂಗದ ಹಾಗೆ ಮೊನ್ನೆ ತಾನೆ ಸೀಲ್ ಹಾಕಿದಾರೆ. ಹತ್ತು ದಿನ ಉಪ್ಪು, ಹುಳಿ ಏನೂ ಸೋಕಬಾರದಂತೆ. ನೀರು ಬಿದ್ರೂ ತಕ್ಷಣ ಒರೆಸ್ಬೇಕಂತೆ."

"ಹತ್ತು ದಿನಕ್ಕೆ ಕೋಸು ಕೊಳೆತು ಹೋಗುತ್ತೆ."

"ಗೊತ್ತು."

"ಗೊತ್ತಿದ್ದೂ ಸುಮ್ನಿದ್ರಾ?"

"ಬರ್ತೀನಿ ಅಂದಿದ್ದು ನೀನು. ಹೇಳಿದ್ರೆ ಬರ್ತಿರ್ಲಿಲ್ಲ."

ಹೇರಾನ್ ಒಣಗಿದ ನೆಲವನ್ನೂ ನಲ್ಲಿಯನ್ನೂ ನೋಡಿದಳು.

"ಸ್ನಾನ ಎಲ್ಲಿ ಮಾಡ್ತಿದೀರಿ?"

"ಬೀದಿ ಕೊನೇ ಸ್ನಾನಗೃಹದಲ್ಲಿ, ದುಡ್ಡು ಕೊಟ್ಟು."

ಅವಳು ನಕ್ಕೇಬಿಟ್ಟಳು. "ಒಳ್ಳೇದಾಯ್ತು. ಇದಕ್ಕೆ ಗಾಜು ಹಾಕ್ಸಿ ಟಿಕೆಟ್ ಇಡಿ, ಮೇಷ್ಟ್ರೇ."

'ಪರವಾಗಿಲ್ಲ, ಉಪ್ಪು ಸುರಿ.' ಅಷ್ಟೇ ಮಾತು. ಇನ್‌ಹ್ವಾನ್‌ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುರಿದರೆ ಕಲೆ ಮೊದಲು ಎಲ್ಲಿ ಹತ್ತಬಹುದೆಂದು ಅವನ ಕಣ್ಣು ಆಗಲೇ ಮೂಲೆಗಳನ್ನು ತಡಕುತ್ತಿತ್ತು. ಅವಳು ಆ ಕಣ್ಣನ್ನು ನೋಡಿದಳು. ಚೀಲದ ಬಾಯಿ ಕಟ್ಟಿದಳು.

"ಅಕ್ಕನ ಮನೇಲೇ ಮಾಡ್ಕೋತೀನಿ ಬಿಡಿ."

"ಹತ್ತು ದಿನ ಬಿಟ್ಟು..."

"ನೋಡೋಣ."

ಹನ್ನೊಂದು ಮಹಡಿ ಇಳಿಯುವ ಲಿಫ್ಟಿನ ಸದ್ದು ಸಣ್ಣಗಾಗುತ್ತ ಹೋಯಿತು.

ಬಚ್ಚಲ ಹೊಸ್ತಿಲ ಒಳಗೆ ಕೋಸಿನ ಹೊರ ಎಲೆಯೊಂದು ಉದುರಿ ಬಿದ್ದಿತ್ತು. ಬೆರಳ ತುದಿಯಲ್ಲಿ ಎತ್ತಿದ. ಅದರಡಿಯ ಒಂದು ಹನಿ ಬಿಳಿ ಸಂದಿನ ಮೇಲೆ ಉಳಿಯಿತು. ಬಗ್ಗಿ ನೋಡಿದ. ಹನಿ ಹರಡಲಿಲ್ಲ, ಇಂಗಲಿಲ್ಲ. ಎಲ್ಲಿಗೂ ಅಂಟದೆ ಗುಂಡಗೆ ನಿಂತಿತ್ತು. ಕೆಲಸ ಚೆನ್ನಾಗಿಯೇ ಆಗಿತ್ತು.

ಅವನು ಒರೆಸಲಿಲ್ಲ. ಎಲೆ ಹಿಡಿದುಕೊಂಡೇ ಅಲ್ಲಿ ಕುಳಿತ, ಹನಿ ಒಳಗಿಳಿಯಲೆಂದು ಕಾಯುತ್ತ.