ತಕ್ಕಡಿ ಸಾಹೇಬನ ಪಿಂಚಣಿ ಕಾಗದ

ಮುದುಕನಿಗೆ ಮರೆವು ಎಂದು ಈ ವಾಟ್ಸಾಪ್ ಗುಂಪಿನಲ್ಲಿ ಹಲ್ಲು ಕಿರಿದವರು ಮೊದಲು ಬಾಯಿ ಮುಚ್ಚಿಕೊಂಡು ಕೇಳಿ. ಕನ್ನಡಕ ಎಲ್ಲಿಟ್ಟೆ ಅನ್ನುವುದು ಮರೆತಿರಬಹುದು. ತಕ್ಕಡಿ ಸಾಹೇಬನ ಸಂಗತಿ ಒಂದಕ್ಷರವೂ ಮರೆತಿಲ್ಲ.

ಅವನು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಸುಳಿವು ಕೊಡದೆ ಅಂಗಡಿಗೆ ನುಗ್ಗುವುದು, ತೂಕದ ಕಲ್ಲು ತಿರುಗಿಸಿ ತಳದ ಮುದ್ರೆ ನೋಡುವುದು, ಕೊಟ್ಟ ಕಾಫಿ ಮುಟ್ಟದೆ ಎದ್ದು ಬರುವುದು, ಮೂವತ್ತನಾಲ್ಕು ವರ್ಷ ಇದೇ ಕೆಲಸ. ಮನೆಯಲ್ಲೂ ಅದೇ ಚಾಳಿ. ಹಾಲಿನವನಿಂದ ಹಿಡಿದು ಸ್ವಂತ ಅಳಿಯನ ತನಕ ಎಲ್ಲರೂ ಅವನ ಕಣ್ಣಿಗೆ ಕಳ್ಳರೇ.

ನಿವೃತ್ತಿಗೆ ಇಪ್ಪತ್ತು ದಿನವಿತ್ತು. ಮುಂದೆ ಸಂಸಾರ ತೂಗಿಸುವುದು ಹೇಗೆಂದು ಯೋಚಿಸುತ್ತ ಕೂತವನಿಗೆ ಹೆಂಡತಿಯ ಹೊಲಿಗೆ ದುಡ್ಡು ತಲೆಗೆ ಬಂತು. ಹನ್ನೊಂದು ವರ್ಷದಿಂದ ಬೀದಿಯವರಿಗೆಲ್ಲ ಬಟ್ಟೆ ಹೊಲಿದಿದ್ದಾಳೆ. ಆ ದುಡ್ಡೆಲ್ಲಿ? ತಿಂಗಳ ಮೊದಲ ಸೋಮವಾರ ಒಬ್ಬಳೇ ಚೀಲ ಹಿಡಿದು ಹೊರಡುತ್ತಾಳೆ, ಖಾಲಿ ಚೀಲ ಹಿಡಿದೇ ವಾಪಸ್ಸು. ತಮ್ಮನಿಗೆ ಸುರಿಯುತ್ತಿದ್ದಾಳೆ, ಅನುಮಾನವೇ ಇಲ್ಲ ಎಂದುಕೊಂಡ.

ಸೋಮವಾರ ರಜೆ ಹಾಕಿ ಹಿಂಬಾಲಿಸಿದ. ಅವಳು ಹೋದದ್ದು ಅಂಚೆ ಕಚೇರಿಗೆ. ಕೌಂಟರಿನಲ್ಲಿ ಪಾಸ್‌ಬುಕ್ ಚಾಚುತ್ತಿದ್ದಂತೆ ಹಿಂದಿನಿಂದ ಕಿತ್ತುಕೊಂಡ.

“ಸಿಕ್ಕಿಬಿದ್ಯಲ್ಲೇ! ಯಾರಿಗಿದು, ನಿನ್ನ ತಮ್ಮನಿಗಾ?”

“ಮೊದ್ಲು ಓದಿ. ಆಮೇಲೆ ಕಿರುಚಿ.”

ಓದಿದ. ಖಾತೆ ಅವಳ ಹೆಸರಿನಲ್ಲೇ ಇತ್ತು. ತಮ್ಮನ ಸುದ್ದಿಯೇ ಇಲ್ಲ.

“ನನ್ನ ಹತ್ರ ಯಾಕೆ ಮುಚ್ಚಿಟ್ಟೆ?”

“ನಿಮಗೆ ಆಪರೇಷನ್ ಆದಾಗ ವಿಮೆ ಕಾಗದ ಹುಡುಕ್ತಿದ್ದೆ ನೋಡಿ, ನಿಮ್ಮ ಪಿಂಚಣಿ ಕಾಗದ ಸಿಕ್ತು. ನೀವು ಹೋದ್ರೆ ದುಡ್ಡು ಯಾರಿಗೆ ಅನ್ನೋ ಜಾಗದಲ್ಲಿ ಅತ್ತೆ ಹೆಸರು! ಅತ್ತೆ ತೀರ್ಕೊಂಡು ಆಗ್ಲೇ ಆರು ವರ್ಷ ಆಗಿತ್ತು ರೀ. ಅವರೇನು ಮೇಲಿಂದ ಇಳಿದು ಬಂದು ಎಣಿಸ್ಕೋಬೇಕಿತ್ತಾ? ಅದಕ್ಕೇ ನನ್ನ ದಾರಿ ನಾನು ನೋಡ್ಕೊಂಡೆ.”

ಕೌಂಟರಿನ ಹೆಂಗಸು ಮೊಹರು ಒತ್ತುವುದನ್ನು ಬಿಟ್ಟು ಕಿಸಕ್ಕನೆ ನಕ್ಕಳು. ಅವನ ಮುಖ ಇಂಗು ತಿಂದ ಮಂಗನಂತಾಯಿತು. ಕೆಲಸಕ್ಕೆ ಸೇರಿದ ದಿನ, ಮದುವೆಗೂ ಮುಂಚೆ, ಬರೆದ ಹೆಸರದು. ಪೇಟೆಯ ಕಲ್ಲುಗಳನ್ನೆಲ್ಲ ವರ್ಷ ವರ್ಷ ತಿರುಗಿಸಿದವನು ತನ್ನ ಕಾಗದವನ್ನು ಒಮ್ಮೆಯೂ ತೆಗೆದು ನೋಡಿರಲಿಲ್ಲ.

“ಆಗ್ಲೇ ಕೇಳೋದಲ್ವೇನೇ?”

“ಬೇಕಂತಲೇ ನನ್ನ ಹೆಸರು ಬಿಟ್ಟಿದ್ದೀರೇನೋ ಅಂತ ಅನುಮಾನ. ಕೇಳಿದ್ರೆ ನನ್ನನ್ನೇ ಕಳ್ಳಿ ಅಂತಿದ್ರಿ.”

ಮರುದಿನವೇ ಹೊಸ ಅರ್ಜಿ ತಂದ. ಅವಳ ಹೆಸರು ದಪ್ಪಕ್ಷರದಲ್ಲಿ ಬರೆದು, “ಹೂಂ, ನಿನ್ನ ಸಹಿಯೂ ಬೇಕಂತೆ, ಹಾಕು” ಎಂದು ಪೆನ್ನು ಚಾಚಿದ.

ಅವಳು ಕನ್ನಡಕ ಏರಿಸಿ ಮೊದಲ ಸಾಲಿನಿಂದ ಓದತೊಡಗಿದಳು. ಎರಡನೇ ಪುಟದಲ್ಲಿ ಬೆರಳು ನಿಂತಿತು.

“ಪಿಂಚಣಿಯಲ್ಲಿ ಒಂದು ಭಾಗ ಈಗ್ಲೇ ಒಟ್ಟಿಗೆ ತಗೊಳ್ತೀನಿ ಅಂತ ಗುರುತು ಹಾಕಿದ್ದೀರಿ. ಏನಕ್ಕೆ?”

“ಅದು... ಏನಾದ್ರೂ ಮಾಡೋಣಾಂತ.”

“ಆಮೇಲೆ ತಿಂಗಳಿಗೆ ಬರೋದು ಕಮ್ಮಿ ಆಗುತ್ತಲ್ವಾ?”

ಅವಳು ಅರ್ಜಿ ಮಡಚಿ ತನ್ನ ಬೀರುವಿಗೆ ಹಾಕಿ ಬೀಗ ತಿರುವಿದಳು.

“ಅಂಚೆ ಕಚೇರಿಯವಳಿಗೆ ತೋರಿಸ್ತೀನಿ. ಅವಳು ಸರಿ ಅಂದ್ರೆ ಸಹಿ.”

ಇದನ್ನು ನಾಲ್ಕು ಜನಕ್ಕೆ ಕಳಿಸಿ, ಮುಖ್ಯವಾಗಿ ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದ ಗಂಡಸರಿಗೆ. ಅವರ ಹೆಂಡತಿಯರಿಗೆ ಮೊದಲು ಕಳಿಸಿದರೂ ನನ್ನದೇನೂ ಅಡ್ಡಿಯಿಲ್ಲ.