ಹೊಸಬರಿಗೆ ಊಟ

ಹಂಡೆಯಲ್ಲಿದ್ದ ಮಾಂಸ ಆರುತ್ತಿದ್ದರೂ ಕಜಾಕರಲ್ಲಿ ಒಬ್ಬರೂ ಕೈ ಮುಂದೆ ಮಾಡಲಿಲ್ಲ. ಜಿಲ್ಲಾಧಿಕಾರಿ ವೆರಿಗಿನ್‌ಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಊಟ ಹಾಕಿಸಿದ್ದು ಅವನೇ.

ಐದು ವರ್ಷದ ಹಿಂದೆ ಚಕ್ರವರ್ತಿಯ ಸರ್ಕಾರ ರಷ್ಯಾದಿಂದ ರೈತರನ್ನು ಕರೆತಂದು ಈ ಹೊಳೆದಂಡೆಯಲ್ಲಿ ಕೂರಿಸಿತ್ತು. ಕುರಿ ಕುದುರೆ ಹೊಡೆದುಕೊಂಡು ಬೇಸಿಗೆಗೆ ಬೆಟ್ಟ ಹತ್ತಿ ಚಳಿಗೆ ಕೆಳಗಿಳಿಯುವ ಕಜಾಕರ ದಾರಿಯನ್ನೂ ಅವರು ಉತ್ತುಬಿಟ್ಟಿದ್ದರು. ಹೋದ ವರ್ಷ ಇಲ್ಲೇ ಹೊಡೆದಾಟವಾಗಿ ಎರಡೂ ಕಡೆ ಒಬ್ಬೊಬ್ಬರಂತೆ ಇಬ್ಬರು ಸತ್ತರು. ಈ ಸಲ ದಾರಿ ಮುಚ್ಚಿಸು, ಅಡ್ಡ ಬಂದರೆ ಗುಂಡು ಹಾರಿಸು ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ವೆರಿಗಿನ್ ಮೂವತ್ತು ಸವಾರರೊಡನೆ ಬಂದಿದ್ದನೇ ಹೊರತು ಅವನಿಗೆ ಗುಂಡು ಹಾರಿಸುವ ಮನಸ್ಸಿರಲಿಲ್ಲ. ಹೊಸದಾಗಿ ಬಂದು ಬಿಡಾರ ಹೂಡಿದವರಿಗೆ ಮೊದಲಿಂದ ಇರುವವರು ಊಟ ಹಾಕುವುದು ಇಲ್ಲಿನ ಪದ್ಧತಿ ಎಂದು ಅವನಿಗೆ ಗೊತ್ತಿತ್ತು. ಬೆಟ್ಟ ಇಳಿದು ಬಂದವರಿಗೆ ರೈತರ ಕೈಯಿಂದ ಊಟ ಹಾಕಿಸಿದರೆ ಎಲ್ಲ ತಣ್ಣಗಾದೀತೆಂದು ಪಾಪ, ನಂಬಿಬಿಟ್ಟ.

ಅಂದರೆ ಅಜ್ಜಂದಿರ ಕಾಲದಿಂದ ಇದ್ದವರು ಹೊಸಬರು, ನಿನ್ನೆ ಮೊನ್ನೆ ಬಂದ ನೇಗಿಲಿನವರು ಹಳಬರು! ಕಜಾಕ ತರುಣರು ಕುದುರೆಗಳತ್ತ ಸರಿಯತೊಡಗಿದರು. ಸವಾರರ ಕೈ ಬಂದೂಕಿಗೆ ಹೋಯಿತು.

ಆಗ ಮುದುಕಿ ಕುಲ್ಪಾಶ್ ಎದ್ದಳು. ಹೋದ ವರ್ಷ ಸತ್ತ ಕಜಾಕ ಅವಳ ಮಗ.

"ತಪ್ಪು ನಮ್ಮದು ದೊರೆ," ಎಂದಳು. "ನೀವೆಲ್ಲ ಬಂದು ಇಷ್ಟು ವರ್ಷ ಆಯ್ತು, ಒಂದು ಹೊತ್ತು ಊಟಕ್ಕೆ ಕರೀಲಿಲ್ಲ ನಾವು. ನಮ್ಮತ್ತೆ ಇದ್ದಿದ್ರೆ ಮುಖಕ್ಕೆ ಉಗೀತಿದ್ರು. ಬನ್ನಿ ನಮ್ಮನೇಗೆ, ಈ ರೈತರನ್ನೂ ಕರ್ಕೊಂಡು ಬನ್ನಿ. ದಾರಿ ಒಂದು ಬಿಟ್ಟು ಮಿಕ್ಕಿದ್ದು ಉತ್ಕೊಳ್ಳಲಿ, ಬೇಡ ಅನ್ನಲ್ಲ."

ಹನ್ನೊಂದು ವರ್ಷ ಇಲ್ಲೇ ಕಳೆದ ವೆರಿಗಿನ್‌ಗೆ ಅವಳ ಮಾತು ಪೂರ್ತಿ ಅರ್ಥವಾಯಿತು. ಒಳಗೆ ಹೋಗಿ ಉಂಡರೆ, ಈ ನೆಲದಲ್ಲಿ ಚಕ್ರವರ್ತಿಯೇ ಅತಿಥಿ ಎಂದು ಮೂವತ್ತು ಜನ ಸವಾರರೆದುರು ಒಪ್ಪಿದಂತೆ. ಸುದ್ದಿ ಮೇಲೆ ಮುಟ್ಟಿದರೆ ನೌಕರಿ ಉಳಿಯದು. ರೈತರ ಯಜಮಾನ ತ್ರೋಫಿಮ್ ಕೂಡ ಅದನ್ನೇ ಕಿವಿಯಲ್ಲಿ ಹೇಳಿ, ಬೇಡಿ ಸ್ವಾಮಿ ಎಂದು ತೋಳು ಹಿಡಿದ.

"ನಂಗೆ ಹಸಿವಾಗಿದೆ ತ್ರೋಫಿಮ್," ಎಂದ ವೆರಿಗಿನ್. "ನಿಂಗೂ ಆಗಿರ್ಬೇಕು."

ಕತ್ತಿ ಬಿಚ್ಚಿ ಪಕ್ಕದ ಸವಾರನ ಕೈಗೆ ಕೊಟ್ಟು, ತಲೆ ಬಗ್ಗಿಸಿ ಅವಳ ಡೇರೆಯೊಳಗೆ ಹೋದ. ತ್ರೋಫಿಮ್ ಹೊರಗೇ ತುಸು ಹೊತ್ತು ನಿಂತಿದ್ದು, ಟೋಪಿ ತೆಗೆದು ಹಿಂಬಾಲಿಸಿದ.

ಕುಲ್ಪಾಶ್ ಹೂಜಿ ಹಿಡಿದು ಬಂದಳು. ಅವಳು ಎದುರಿಗೆ ನಿಂತಾಗ ತ್ರೋಫಿಮ್ ತಲೆಯೆತ್ತದೆ, ತನಗೆ ಬರುವ ಹರಕು ಕಜಾಕ್ ಮಾತಿನಲ್ಲಿ ಕೇಳಿದ: "ದಾರಿ ಎಷ್ಟು ಅಗಲ ಬೇಕಮ್ಮ?"

"ಮೊದ್ಲು ಕೈ ತೊಳ್ಕೊಳ್ಳಪ್ಪ."

ಅವನು ಎರಡೂ ಕೈ ಚಾಚಿದ. ಬೆರಳ ಸಂದಿಯ ಹೊಲದ ಮಣ್ಣು ಹೋಗುವವರೆಗೂ ಅವಳು ನೀರು ಹುಯ್ಯುತ್ತಲೇ ಇದ್ದಳು.